ಪ್ರಶ್ನೆಗಳಿವೆಯೇ ಎಂದಾಗ

ಕಳೆದ ತಿಂಗಳು ಒಂದು ಎಂಜಿನಿಯರಿಂಗ್ ಕಾಲೇಜಿನ ಸಂಶೋಧನಾ ಕೇಂದ್ರಕ್ಕೆ ಹೋಗಿದ್ದೆ. ಮಧ್ಯಾಹ್ನ ಮೂರೂವರೆಗೆ ಸೆಮಿನಾರ್. ಹರಿಯುವ ನೀರಿಗೆ ಅಡ್ಡವಾಗಿ ನಿಂತ ದುಂಡು ಕಂಬದ ಹಿಂದೆ ಏಳುವ ಸುಳಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ಹುಡುಗನೊಬ್ಬ ಮಾತಾಡಿದ. ವಿಷಯ ತಿಳಿದೇ ಮಾತಾಡಿದ. ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ಎದ್ದು ‘ಪ್ರಶ್ನೆಗಳೇನಾದರೂ ಇವೆಯೇ?’ ಎಂದರು. ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಮಂದಿ ಇದ್ದರು. ಫ್ಯಾನ್ ತಿರುಗುವ ಸದ್ದು, ಹಾಜರಿ ಹಾಳೆ ಸಾಲಿನಿಂದ ಸಾಲಿಗೆ ದಾಟುವ ಸರಪರ, ಅಷ್ಟೇ. ಚಿಕ್ಕವರು ಮೊದಲು ಕೇಳಲಿ, ಆಮೇಲೆ ನಾನು ಕೇಳೋಣ ಎಂದು ಕಾದು ಕೂತೆ. ಅಷ್ಟರಲ್ಲಿ ವಂದನಾರ್ಪಣೆಯೇ ಮುಗಿದುಹೋಯಿತು.

ಹೊರಗೆ ಚಹಾ ಕುಡಿಯುವಾಗ ಹುಡುಗನ ಬೆನ್ನು ತಟ್ಟಿ, ‘ಯಾರೂ ಏನೂ ಕೇಳಲಿಲ್ಲವಲ್ಲಪ್ಪ’ ಎಂದೆ. ಅವನು ನಿರಾಳವಾಗಿ ನಕ್ಕು ‘ಹೌದು ಸರ್, ಬಚಾವಾದೆ’ ಎಂದ.

ಮಕ್ಕಳೇ, ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಎರಡು ವರ್ಷದ ದುಡಿಮೆಯನ್ನು ಎಪ್ಪತ್ತು ಜನರ ಮುಂದೆ ಇಟ್ಟವನಿಗೆ, ಅದನ್ನು ಯಾರೂ ಮುಟ್ಟಿ ನೋಡಲಿಲ್ಲ ಎಂಬುದೇ ಸಮಾಧಾನವಾಯಿತಲ್ಲ! ಕೇಳುವವರು ಸಹಿ ಹಾಕಿ ಎದ್ದರು, ಹೇಳುವವನು ಪಾರಾದೆನೆಂದುಕೊಂಡ. ಹೀಗೆ ಕಳೆದ ಒಂದು ಗಂಟೆಯಿಂದ ಇಬ್ಬರಿಗೂ ಏನು ಸಿಕ್ಕಿತು? ನಲವತ್ತು ವರ್ಷ ಇಂಥ ಸಭಾಂಗಣಗಳಲ್ಲಿ ಕೂತವನು ನಾನು. ಸೆಮಿನಾರಿನಲ್ಲಿ ಸುಮ್ಮನಿರುವುದು ಮರ್ಯಾದೆಯಲ್ಲ, ಅದರಿಂದ ಬೇರೆಯವರ ಬದುಕಿಗೇ ಪೆಟ್ಟು ಬೀಳಬಹುದು ಎಂಬುದನ್ನು ನಾನು ಕಲಿತದ್ದು ಸುಲಭದ ದಾರಿಯಲ್ಲಲ್ಲ.

1974ರ ಮಳೆಗಾಲ. ನಾನು ಸಂಶೋಧನೆಗೆ ಸೇರಿ ಎರಡನೇ ವರ್ಷ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳೆಯ ಆ ವಾರದ ಸೆಮಿನಾರ್ ಕೊಡಬೇಕಿತ್ತು. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಪೂರವಾಗುವ ಎತ್ತರದ ಗೋಪುರ ಗಾಳಿಗೆ ಹೇಗೆ ತೂಗುತ್ತದೆ ಎಂಬುದು ಅವನ ಲೆಕ್ಕ. ಆಗ ಸ್ಲೈಡ್ ಇರಲಿಲ್ಲ. ಕಪ್ಪು ಹಲಗೆ, ಸೀಮೆಸುಣ್ಣ. ಅವನು ಸಮೀಕರಣ ಬರೆದ, ಬುಡದ ಬೌಂಡರಿ ಕಂಡಿಷನ್ ಬರೆದ, ಆಮೇಲೆ ತುದಿಯದ್ದು. ಗೋಪುರದ ತುದಿ ಯಾರ ಹಿಡಿತದಲ್ಲೂ ಇಲ್ಲ. ಆದ್ದರಿಂದ ಅಲ್ಲಿ ಬಾಗಿಸುವ ಮೊಮೆಂಟ್ ಸೊನ್ನೆಯಾಗಬೇಕು. ಅವನು ಬರೆದದ್ದು ಇಳಿಜಾರು ಸೊನ್ನೆ ಎಂದು. ಎರಡು ಸಲ ಡಿಫರೆನ್ಶಿಯೇಟ್ ಮಾಡಬೇಕಾದಲ್ಲಿ ಒಂದೇ ಸಲ ಮಾಡಿದ್ದ. ಹಲಗೆಯ ಮೇಲೆ ನೋಡಿದರೆ ಒಂದು ಸಣ್ಣ ಗೀಟಿನ ವ್ಯತ್ಯಾಸ. ಆದರೆ ಸರಳವಾದ ಒಂದೇ ದಪ್ಪದ ಕಂಬಕ್ಕೇ ಈ ತಪ್ಪು ಮಾಡಿದರೂ ಅದರ ಅತಿ ಕಡಿಮೆಯ ಸಹಜ ಕಂಪನಾಂಕ ಸುಮಾರು 1.6 ಪಟ್ಟು ಹೆಚ್ಚಾಗಿ ಕಾಣುತ್ತದೆ. ಅಂದರೆ ಗೋಪುರ ಇರುವುದಕ್ಕಿಂತ ಬಹಳ ಗಟ್ಟಿ ಎಂದು ಲೆಕ್ಕ ಹೇಳುತ್ತದೆ.

ನನ್ನ ಪೆನ್ಸಿಲ್ ಅಲ್ಲೇ ನಿಂತಿತು. ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕೇಳಬೇಕು ಅನಿಸಿತು. ಆದರೆ ಅವನ ಗೈಡ್ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಅವರಿಗೆ ಕಾಣದ್ದು ನನಗೆ ಕಂಡೀತೇ? ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಮೂರು ಸಲ ಜೋಡಿಸಿದೆ. ಮೂರನೆಯ ಸಲ ಸರಿಯಾಯಿತು ಅನ್ನುವಷ್ಟರಲ್ಲಿ ಅವನು ಡಸ್ಟರ್ ತೆಗೆದು ಹಲಗೆ ಒರೆಸಿಬಿಟ್ಟ.

ಹದಿನಾರು ತಿಂಗಳಾದ ಮೇಲೆ, ಪ್ರಬಂಧ ಒಪ್ಪಿಸುವ ಮುಂಚಿನ ಸೆಮಿನಾರಿನಲ್ಲಿ, ಬೇರೆ ಊರಿಂದ ಬಂದಿದ್ದ ಹಿರಿಯರೊಬ್ಬರು ಅದೇ ಜಾಗಕ್ಕೆ ಬೆರಳಿಟ್ಟರು. ಅಷ್ಟು ಹೊತ್ತಿಗೆ ಟ್ರಂಕುಗಟ್ಟಲೆ ಪಂಚ್ ಕಾರ್ಡ್ ಆಗಿತ್ತು, ಕೋಷ್ಟಕಗಳೆಲ್ಲ ಟೈಪಾಗಿದ್ದವು. ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು. ಫೆಲೋಶಿಪ್ ಮುಗಿದು, ಮನೆಯಿಂದ ಹಣ ತರಿಸಿಕೊಂಡು ಮತ್ತೊಂದು ವರ್ಷ ಕೂತ. ಒಂದು ರಾತ್ರಿ ಮೆಸ್ಸಿನಿಂದ ವಾಪಸ್ ಬರುವಾಗ ತಡೆಯಲಾರದೆ ಹೇಳಿದೆ, ಅವತ್ತೇ ನನಗೆ ಕಂಡಿತ್ತು ಕಣೋ ಎಂದು. ಅವನು ನಿಂತ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಅವತ್ತೇ ಕೇಳಬಾರದಿತ್ತೇನೋ?’ ಎಂದ. ಅಷ್ಟು ಹೇಳಿ ತನ್ನ ಕೋಣೆಗೆ ಹೋದ. ಆ ನೋಟ್‌ಬುಕ್ ಇವತ್ತಿಗೂ ನನ್ನ ಬಳಿ ಇದೆ. ಆ ಚಿಹ್ನೆಯೂ ಇದೆ.

ಅದಕ್ಕೇ ಹೇಳುತ್ತೇನೆ. ಪ್ರಶ್ನೆ ಹುಟ್ಟಿದ ಗಳಿಗೆಯಲ್ಲೇ ಕೈ ಎತ್ತಿ. ಇಂಗ್ಲಿಷ್ ತಪ್ಪಾದರೆ ಆಗಲಿ. ‘ಸರ್, ಟಾಪ್ ಎಂಡ್, ವೈ ಸ್ಲೋಪ್ ಝೀರೋ?’ ಎಂದರೂ ಸಾಕಿತ್ತು, ನನ್ನ ಗೆಳೆಯನ ಎರಡು ವರ್ಷ ಉಳಿಯುತ್ತಿತ್ತು. ವಿಭಾಗದಲ್ಲಿ ಕನ್ನಡ ಬಲ್ಲವರಿದ್ದರೆ ಕನ್ನಡದಲ್ಲೇ ಕೇಳಿ, ಪಕ್ಕದವರು ಅನುವಾದ ಮಾಡಿ ಹೇಳುತ್ತಾರೆ. ಅದೂ ಆಗದಿದ್ದರೆ ಎದ್ದು ಹೋಗಿ ಹಲಗೆಯ ಮೇಲಿನ ಆ ಸಾಲನ್ನು ತೋರಿಸಿ. ಹಳ್ಳಿಯ ಶಾಲೆಯಿಂದ, ಡಿಪ್ಲೊಮಾದಿಂದ ಮೇಲೆ ಬಂದ ಮಕ್ಕಳು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವುದನ್ನು ಈಗಲೂ ನೋಡುತ್ತೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ನಿಮ್ಮ ತಲೆಯಲ್ಲಿ ಇರುವ ಅನುಮಾನ ಮುಂದಿನ ಸಾಲಿನವರ ತಲೆಯಲ್ಲೂ ಇರುತ್ತದೆ. ಅವರಿಗೂ ಕೇಳಲು ಅಂಜಿಕೆ. ಒಬ್ಬರು ಬಾಯಿ ಬಿಟ್ಟರೆ ಸಾಕು, ಉಳಿದವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

‘ನನ್ನ ಟಾಪಿಕ್ ಅಲ್ಲ ಸರ್’ ಎನ್ನುತ್ತೀರಿ. ಕಂಬದ ಹಿಂದಿನ ಸುಳಿಯ ಕಥೆಯನ್ನೇ ಹೇಳುತ್ತೇನೆ, ಕೇಳಿ. 1911ರ ಸುಮಾರಿಗೆ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಕೈಕೆಳಗೆ ಹೀಮೆಂಟ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದ. ನೀರಿನ ಕಾಲುವೆಯಲ್ಲಿ ದುಂಡು ಕಂಬ ನಿಲ್ಲಿಸಿ ಅದರ ಮೇಲಿನ ಒತ್ತಡ ಅಳೆಯುವುದು ಅವನ ಕೆಲಸ. ನೀರು ಎಂದೂ ಸ್ತಿಮಿತಕ್ಕೆ ಬರಲಿಲ್ಲ, ಅತ್ತಿಂದಿತ್ತ ತೂಗುತ್ತಲೇ ಇತ್ತು. ಕಂಬ ಸರಿಯಾಗಿ ದುಂಡಗಿಲ್ಲ ಎಂದರು, ತಿದ್ದಿದ. ಕಾಲುವೆ ಎರಡೂ ಕಡೆ ಸಮನಾಗಿಲ್ಲ ಎಂದರು, ಅದನ್ನೂ ತಿದ್ದಿದ. ನೀರು ಮಾತ್ರ ತೂಗುವುದನ್ನು ಬಿಡಲಿಲ್ಲ. ಅಲ್ಲೇ ಇದ್ದ ತರುಣ ಥಿಯೋಡರ್ ಫಾನ್ ಕಾರ್ಮನ್‌ಗೆ ಅದು ಸ್ವಂತ ಕೆಲಸವಲ್ಲ. ಆದರೂ ಬೆಳಿಗ್ಗೆ ಲ್ಯಾಬಿಗೆ ಬಂದಾಗಲೆಲ್ಲ, ಇವತ್ತಾದರೂ ಹರಿವು ಸ್ತಿಮಿತಕ್ಕೆ ಬಂತೇ ಎಂದು ಅವನನ್ನು ಕೇಳುತ್ತಿದ್ದ. ಇಲ್ಲ, ಇನ್ನೂ ತೂಗುತ್ತಿದೆ ಎಂಬುದೇ ಪ್ರತಿದಿನದ ಉತ್ತರ. ಎಷ್ಟು ತಿದ್ದಿದರೂ ತೂಗುವುದು ನಿಲ್ಲದಿದ್ದರೆ ಅದು ಕಂಬದ ದೋಷವಲ್ಲ, ನೀರಿನ ಸ್ವಭಾವವೇ ಇರಬೇಕು ಎಂದು ಕಾರ್ಮನ್‌ಗೆ ಹೊಳೆಯಿತು. ಒಂದು ವಾರಾಂತ್ಯ ಕೂತು ಲೆಕ್ಕ ಮಾಡಿದ. ಎರಡು ಸಾಲು ಸುಳಿಗಳು ಎದುರುಬದುರು ಇದ್ದರೆ ಉಳಿಯವು, ಒಂದು ಬಿಟ್ಟು ಒಂದರಂತೆ ಬಂದರೆ ಮಾತ್ರ ಉಳಿಯಬಲ್ಲವು ಎಂದು ತೋರಿಸಿದ. ಇವತ್ತು ಸೇತುವೆಯ ಕಂಬ, ಚಿಮಣಿ, ಸಮುದ್ರದೊಳಗಿನ ಕೊಳವೆಗಳ ವಿನ್ಯಾಸ ಮಾಡುವವರೆಲ್ಲ ಕಾರ್ಮನ್ ಸುಳಿಸಾಲನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಪಕ್ಕದ ಬೆಂಚಿನವನ ತೊಂದರೆಯನ್ನು ದಿನವೂ ವಿಚಾರಿಸಿದ್ದರಿಂದ ಬಂದದ್ದು ಅದು.

ಹಾಗಾಗಿ ವಾರಕ್ಕೊಂದಾದರೂ ನಿಮ್ಮದಲ್ಲದ ವಿಷಯದ ಸೆಮಿನಾರಿಗೆ ಹೋಗಿ. ಗಣಿತದವರು ಮೆಕ್ಯಾನಿಕಲ್ ವಿಭಾಗಕ್ಕೆ ಹೋಗಿ, ಸಿವಿಲ್‌ನವರು ಗಣಿತಕ್ಕೆ ಬನ್ನಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1956ರಲ್ಲಿ ಪಿ. ಎಲ್. ಭಟ್ನಾಗರ್ ಅವರು ಅನ್ವಯಿಕ ಗಣಿತ ವಿಭಾಗ ಕಟ್ಟಿದರು. ಅದೇ ಆವರಣದಲ್ಲಿ ಸತೀಶ್ ಧವನ್ ಅವರು ಗಾಳಿ ಸುರಂಗಗಳನ್ನು ಕಟ್ಟುತ್ತಿದ್ದರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿ ಬಂದ ರೊದ್ದಂ ನರಸಿಂಹ ಎಂಬ ತರುಣ ಧವನ್ ಅವರ ವಿದ್ಯಾರ್ಥಿಯಾದರು. ಅವರು ಹಿಡಿದ ಪ್ರಶ್ನೆ ಇದು. ತಟ್ಟೆಯ ಮೇಲೆ ನಯವಾಗಿ ಹರಿಯುವ ಗಾಳಿ ಒಮ್ಮೆಗೇ ಕಲಕುವುದಿಲ್ಲ, ಅಲ್ಲೊಂದು ಇಲ್ಲೊಂದು ಕಲಕಿದ ಕಲೆ ಹುಟ್ಟಿ ಹರಡುತ್ತ ಹೋಗುತ್ತದೆ. ಒಂದು ಜಾಗದಲ್ಲಿ ಗಾಳಿ ಎಷ್ಟು ಪಾಲು ಹೊತ್ತು ಕಲಕಿರುತ್ತದೆ? ಈ ಲೆಕ್ಕಕ್ಕೆ ಸುರಂಗದ ಅಳತೆಯೂ ಬೇಕು, ಸಂಭವನೀಯತೆಯ ಗಣಿತವೂ ಬೇಕು. ಗುರು ಶಿಷ್ಯರು ಸೇರಿ 1958ರಲ್ಲಿ ಪ್ರಕಟಿಸಿದ ಪೇಪರನ್ನು ಆ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಅಷ್ಟೇನೂ ಸೌಕರ್ಯವಿಲ್ಲದ ಕಾಲ ಅದು. ನಿಮಗೆ ಅವರಿಗಿಂತ ಸಾವಿರ ಪಟ್ಟು ಸೌಕರ್ಯವಿದೆ, ಪಕ್ಕದ ಕಟ್ಟಡಕ್ಕೆ ನಡೆದು ಹೋಗುವ ಅಭ್ಯಾಸವೊಂದು ತಪ್ಪಿದೆ.

ರೆಕಾರ್ಡಿಂಗ್ ಇರುತ್ತದಲ್ಲ, ಆಮೇಲೆ ನೋಡಿದರಾಯಿತು ಎಂದು ಬಹಳ ಮಂದಿ ಹೇಳುತ್ತಾರೆ. ನಿಜ ಹೇಳಿ, ಎಷ್ಟು ನೋಡಿದಿರಿ? ರೆಕಾರ್ಡಿಂಗನ್ನು ಪ್ರಶ್ನೆ ಕೇಳಲಾಗುವುದಿಲ್ಲ. ಸಭೆಯಲ್ಲಿ ಕೂತೂ ಲ್ಯಾಪ್‌ಟಾಪ್ ತೆರೆದು ತಮ್ಮ ಕೋಡ್ ತಿದ್ದುವವರು ಇದ್ದಾರೆ, ಅವರಿಗಂತೂ ಕೈಮುಗಿದು ಕೇಳಿಕೊಳ್ಳುತ್ತೇನೆ, ಆ ಒಂದು ಗಂಟೆ ಮುಚ್ಚಿಡಿ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಅರ್ಥವಾಗದ ಮೊದಲ ಸಾಲು ಬಂದ ಕೂಡಲೇ ಗುರುತು ಹಾಕಿಕೊಳ್ಳಿ. ನಿಮ್ಮ ಪ್ರಶ್ನೆ ಅಲ್ಲಿದೆ.

ಇನ್ನು ಮಾತಾಡುವವರಿಗೆ. ನನ್ನ ಚಿಂತೆ ಇಲ್ಲಿ ಇನ್ನೂ ಹೆಚ್ಚು.

ಇದೇ ಪ್ರಾಂಟಲ್ ಗಟ್ಟಿಂಗೆನ್‌ಗೆ ಬರುವ ಮೊದಲು ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಮೇಷ್ಟರಾಗಿದ್ದರು. ಅದಕ್ಕೂ ಮೊದಲು ಒಂದು ಕಾರ್ಖಾನೆಯಲ್ಲಿ, ಯಂತ್ರಗಳಿಂದ ಉದುರುವ ಚೂರುಗಳನ್ನು ಗಾಳಿಯಲ್ಲಿ ಹೀರಿ ತೆಗೆಯುವ ಕೊಳವೆಯ ಕೆಲಸ ಮಾಡಿದ್ದರು. ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಒತ್ತಡ ಲೆಕ್ಕದಂತೆ ಏರಲೇ ಇಲ್ಲ, ಗಾಳಿ ಗೋಡೆಯಿಂದ ಬೇರ್ಪಡುತ್ತಿತ್ತು. ಆ ಕಾರಣದ ಬೆನ್ನು ಹತ್ತಿದರು. 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅವರಿಗೆ ಸಿಕ್ಕಿದ್ದು ಹತ್ತೇ ನಿಮಿಷ. ವಯಸ್ಸು 29. ಗೋಡೆಗೆ ತಾಗಿದ ದ್ರವ ಗೋಡೆಗೇ ಅಂಟಿಕೊಳ್ಳುತ್ತದೆ, ಅದರ ಪಕ್ಕದ ತೆಳು ಪದರದಲ್ಲಿ ಮಾತ್ರ ಘರ್ಷಣೆಯ ಆಟ, ಹೊರಗೆ ಘರ್ಷಣೆಯನ್ನು ಮರೆಯಬಹುದು. ಇಷ್ಟು ಹೇಳಿದರು. ಕೈಯಿಂದ ಚಕ್ರ ತಿರುಗಿಸಿ ನೀರು ಹರಿಸುವ ತೊಟ್ಟಿಯಲ್ಲಿ ತಾವೇ ತೆಗೆದ ಚಿತ್ರಗಳನ್ನು ತೋರಿಸಿದರು. ಅಚ್ಚಾದಾಗ ಎಂಟು ಪುಟ. ಅದುವರೆಗೆ ಗಣಿತದವರ ಲೆಕ್ಕದಲ್ಲಿ ನೀರೊಳಗೆ ಚಲಿಸುವ ವಸ್ತುವಿಗೆ ತಡೆಯೇ ಇರಲಿಲ್ಲ, ಎಂಜಿನಿಯರ್‌ಗಳ ಅಳತೆಯಲ್ಲಿ ಧಾರಾಳ ಇತ್ತು. ಬೌಂಡರಿ ಲೇಯರ್ ಎಂಬ ಆ ತೆಳು ಪದರ ಇಬ್ಬರನ್ನೂ ಕೂಡಿಸಿತು. ಹೆಚ್ಚಿನವರಿಗೆ ಆಗ ಅದರ ತೂಕ ತಿಳಿಯಲಿಲ್ಲ. ಫೆಲಿಕ್ಸ್ ಕ್ಲೈನ್ ಎಂಬ ಹಿರಿಯ ಗಣಿತಜ್ಞರಿಗೆ ತಿಳಿಯಿತು, ಅದೇ ವರ್ಷ ಪ್ರಾಂಟಲ್‌ರನ್ನು ಗಟ್ಟಿಂಗೆನ್‌ಗೆ ಕರೆಸಿಕೊಂಡರು. ಅಷ್ಟು ಚಿಕ್ಕದಾಗಿ ಏಕೆ ಬರೆದಿರಿ ಎಂದು ಎಷ್ಟೋ ಕಾಲದ ಮೇಲೆ ಯಾರೋ ಕೇಳಿದಾಗ, ಹತ್ತು ನಿಮಿಷ ಕೊಟ್ಟಿದ್ದರು, ಹೇಳಲು ಸಮಯವಿದ್ದಷ್ಟನ್ನೇ ಅಚ್ಚು ಮಾಡಬೇಕು ಎಂದುಕೊಂಡಿದ್ದೆ ಎಂದರಂತೆ.

ನಿಮ್ಮಲ್ಲಿ ಎಷ್ಟೋ ಮಂದಿ ನಲವತ್ತು ನಿಮಿಷಕ್ಕೆ ಎಪ್ಪತ್ತು ಸ್ಲೈಡ್ ತರುತ್ತೀರಿ. ಹದಿನೈದು ನಿಮಿಷ ಹಿಂದಿನವರ ಪೇಪರುಗಳ ಪಟ್ಟಿಗೆ ಹೋಗುತ್ತದೆ. ಕೊನೆಗೆ ನಿಮ್ಮ ಸ್ವಂತ ಕೆಲಸ ಬರುವಾಗ ‘ಟೈಮ್ ಆಯ್ತು’ ಎಂದು ಓಡಿಸುತ್ತೀರಿ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಅದು ಯಾವ ಕೊಳವೆಯಿಂದ, ಯಾವ ಗೋಪುರದಿಂದ ಹುಟ್ಟಿತು ಎಂಬುದನ್ನು ಮೊದಲ ಐದು ನಿಮಿಷದಲ್ಲಿ ಎಂಟೆಕ್ ಮಕ್ಕಳಿಗೂ ಅರ್ಥವಾಗುವಂತೆ ಹೇಳಿ. ಕೈಯಿಂದ ಒಂದು ಚಿತ್ರ ಬರೆಯಿರಿ. ಸಾಫ್ಟ್‌ವೇರ್ ಕೊಟ್ಟ ಕೆಂಪು ನೀಲಿ ಚಿತ್ರ ಹಾಕಿದರೆ, ಗ್ರಿಡ್ಡನ್ನು ಇನ್ನಷ್ಟು ಸಣ್ಣದು ಮಾಡಿದಾಗ ಉತ್ತರ ಬದಲಾಯಿತೇ ಎಂಬುದನ್ನೂ ಕೂಡಲೇ ಹೇಳಿ. ನಿಮ್ಮ ಲೆಕ್ಕ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲುವುದಿಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ದೊಡ್ಡ ಅಕ್ಷರ ಎಂದು ಒತ್ತಿ ಹೇಳಲು ಕಾರಣವಿದೆ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿದಾಗ ಇಂಧನ ಟ್ಯಾಂಕಿನ ಹೊರಮೈಯಿಂದ ಫೋಮ್ ತುಂಡೊಂದು ಕಿತ್ತು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರ್‌ಗಳು ಕೂತು, ಅದರಿಂದ ಹಾನಿ ಎಷ್ಟು ಎಂದು ಸ್ಲೈಡ್ ಮಾಡಿ ತೋರಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ತುಂಬುವಂತಿತ್ತು. ಅದರ ಕೆಳಗೆ ಚುಕ್ಕೆ ಸಾಲು, ಚುಕ್ಕೆಯೊಳಗೆ ಮತ್ತೊಂದು ಚುಕ್ಕೆ ಸಾಲು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಬಡಿದ ತುಂಡಿನ ಗಾತ್ರದ ಅಂದಾಜು 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲ ಎಂದಿತ್ತು. ಭಾಗಿಸಿ ನೋಡಿ, 640 ಪಟ್ಟು. ಅಂದರೆ ತಲೆಬರಹಕ್ಕೆ ಆಧಾರವಾದ ಪರೀಕ್ಷೆಗೂ ನಡೆದ ಘಟನೆಗೂ ಅಜಗಜಾಂತರ. ಆ ಸಾಲು ಸ್ಲೈಡಿನ ಮೇಲ್ಗಡೆ ಇರಬೇಕಿತ್ತು. ಕೂತವರಲ್ಲಿ ಒಬ್ಬರಾದರೂ ಆ ಎರಡು ಅಂಕಿಗಳನ್ನು ಹಿಡಿದು ಪಟ್ಟು ಹಿಡಿಯಬೇಕಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದು ಅದರಲ್ಲಿದ್ದ ಏಳೂ ಮಂದಿ ಹೋದರು. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಹೋದ ನಮ್ಮ ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ದುರಂತಕ್ಕೆ ಸ್ಲೈಡೊಂದೇ ಕಾರಣವಲ್ಲ, ಹಾಗೆ ಹೇಳುವುದು ತಪ್ಪಾಗುತ್ತದೆ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ತೆಗೆದು ವಿಮರ್ಶಿಸಿತು, ತಾಂತ್ರಿಕ ವರದಿ ಬರೆಯುವುದನ್ನು ಬಿಟ್ಟು ಸ್ಲೈಡನ್ನೇ ನೆಚ್ಚಿಕೊಳ್ಳುವ ರೂಢಿಯನ್ನು ಖಂಡಿಸಿತು.

ನಾಳೆ ನೀವು ಸೇತುವೆ ಕಟ್ಟುವ, ರಾಕೆಟ್ ಹಾರಿಸುವ, ಆಸ್ಪತ್ರೆಯ ಯಂತ್ರ ಮಾಡುವ ಜಾಗಗಳಲ್ಲಿ ಕೂರುವವರು. ಅಲ್ಲಿನ ಮೀಟಿಂಗಿನಲ್ಲಿ ಕೆಳಗಿನ ಸಾಲನ್ನು ಓದಿ ಎದ್ದು ನಿಲ್ಲುವ ಧೈರ್ಯ ಒಂದೇ ದಿನದಲ್ಲಿ ಬರುವುದಿಲ್ಲ. ಅದನ್ನು ಈಗ, ಈ ಸಣ್ಣ ಸಭಾಂಗಣದಲ್ಲಿ, ಗೆಳೆಯನ ಬೌಂಡರಿ ಕಂಡಿಷನ್ ಮೇಲೆ ಅಭ್ಯಾಸ ಮಾಡಿಕೊಳ್ಳಬೇಕು. ಕೇಳುವಾಗ ಕೆಣಕಬೇಡಿ, ಹಂಗಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಬರೆದಿಟ್ಟುಕೊಳ್ಳಿ. ಗೈಡ್ ಮುಖ ನೋಡಬೇಡಿ.

ಸುಳಿಯ ಹುಡುಗನ ವಿಷಯಕ್ಕೆ ಬರುತ್ತೇನೆ. ಅವತ್ತು ಚಹಾ ಲೋಟ ಕೆಳಗಿಟ್ಟು, ಸಭೆಯಲ್ಲಿ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅಲ್ಲೇ ಕೇಳಿದೆ. ಸುಳಿ ಕಳಚುವ ವೇಗವನ್ನು ಹೇಳುವ ಸ್ಟ್ರೌಹಾಲ್ ಸಂಖ್ಯೆ ದುಂಡು ಕಂಬಕ್ಕೆ ಸಾಮಾನ್ಯವಾಗಿ 0.2ರ ಆಸುಪಾಸು ಬರುತ್ತದೆ, ನಿನ್ನದು ಅದಕ್ಕಿಂತ ಮೇಲೇಕಿದೆ? ಕಂಪ್ಯೂಟರಿನೊಳಗಿನ ನಿನ್ನ ಕಾಲುವೆಯ ಪಕ್ಕದ ಗೋಡೆಗಳು ಕಂಬದಿಂದ ಎಷ್ಟು ದೂರ? ಅವನ ನಗು ನಿಂತಿತು. ಚಹಾದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದ. ಎಂಟೆಕ್ ಓದುವ ಇಬ್ಬರು ಹುಡುಗಿಯರು ಏನಾಯಿತೆಂದು ಹತ್ತಿರ ಬಂದರು. ಅವರಲ್ಲೊಬ್ಬಳು ಪರದೆಯ ಮೇಲೆ ಬೆರಳಿಟ್ಟು, ‘ಗೋಡೆ ಇಷ್ಟು ಹತ್ತಿರ ಇದ್ರೆ ನೀರಿಗೆ ಜಾಗ ಕಮ್ಮಿ ಆಗಿ ಪಕ್ಕದಲ್ಲಿ ಜೋರಾಗಿ ಹೋಗಲ್ವಾ ಅಣ್ಣ?’ ಎಂದಳು. ಒಳಗೆ ಯಾಕೆ ಕೇಳಲಿಲ್ಲಮ್ಮ ಎಂದೆ. ಅವಳು ಮಾತಾಡಲಿಲ್ಲ.

ಹೋದ ವಾರ ಹುಡುಗ ಫೋನ್ ಮಾಡಿದ್ದ. ಗೋಡೆಗಳನ್ನು ಎರಡು ಪಟ್ಟು ದೂರ ಇಟ್ಟು ಮತ್ತೆ ಓಡಿಸಿದನಂತೆ, ಸಂಖ್ಯೆ ಕೆಳಗಿಳಿಯಿತಂತೆ. ಇನ್ನೂ ದೂರ ಇಟ್ಟು ನೋಡುತ್ತಿದ್ದಾನೆ. ಮುಂದಿನ ಗುರುವಾರ ಅರ್ಧ ಗಂಟೆ ಮತ್ತೆ ಮಾತಾಡುತ್ತೇನೆ, ಬರಬೇಕು ಸರ್ ಎಂದ. ಬರುತ್ತೇನೆ ಎಂದಿದ್ದೇನೆ. ಆ ಹುಡುಗಿಯರಿಬ್ಬರಿಗೂ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡು ಎಂದೂ ಹೇಳಿದ್ದೇನೆ.